ಕೂಗು ದಾಟಿಸಿದವರು

ನಾನು ಕೈಯಿಂದ ತಿರುಗಿಸುವ ಸೈರನ್. ಮೊದಲೇ ಹೇಳಿಬಿಡುತ್ತೇನೆ, ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಗುಟ್ಟು ಹೇಳುವ ಕೆಲಸಕ್ಕೆ ನನ್ನನ್ನು ಯಾರೂ ಕರೆದದ್ದಿಲ್ಲ, ಕರೆದದ್ದೆಲ್ಲ ಊರಿಗೆ ಊರೇ ಕಿವಿ ಕೊಡಬೇಕಾದ ಕೆಲಸಕ್ಕೆ. ಹಾಗಾಗಿ ನನ್ನ ಕಥೆಯಲ್ಲಿ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ. ದೊಡ್ಡ ಬಾಯಿಯವರಿಗೆ ಅದು ಹುಟ್ಟುಗುಣ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ, ಯುದ್ಧದ ವರ್ಷ. ಪರಶುರಾಮ ಲೋಹಾರ ಎಂಬ ಮೇಸ್ತ್ರಿ ನನ್ನನ್ನು ಮಾಡಿದ. ನನ್ನ ಹೊಟ್ಟೆಯಲ್ಲಿ ಹೆಚ್ಚೇನೂ ಇಲ್ಲ. ಸುತ್ತಲೂ ಕಿಂಡಿಗಳಿರುವ ಒಂದು ಡಬ್ಬಿ, ಅದರೊಳಗೆ ಅಂಥವೇ ಕಿಂಡಿಗಳಿರುವ ಚಕ್ರ, ಪಕ್ಕದಲ್ಲಿ ಹಲ್ಲುಗಾಲಿ, ಹೊರಗೊಂದು ಹಿಡಿಕೆ, ನಿಲ್ಲಲು ಮೂರು ಕಾಲು. ಹಿಡಿಕೆ ತಿರುಗಿಸಿದರೆ ಚಕ್ರ ಗಾಳಿಯನ್ನು ಒಳಗೆಳೆದು ಹೊರಗೆ ತಳ್ಳುತ್ತದೆ. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಡುತ್ತದೆ, ಸರಿದಾಗ ನಿಲ್ಲುತ್ತದೆ. ಹೀಗೆ ಗಾಳಿಯನ್ನು ಚೂರು ಚೂರು ಮಾಡಿ ಎಸೆಯುವುದನ್ನೇ ಜನ ನನ್ನ ಕೂಗು ಎನ್ನುತ್ತಾರೆ. ಜೋರಾಗಿ ತಿರುಗಿಸಿದರೆ ದನಿ ಏರುತ್ತದೆ, ಕೈ ಸಡಿಲಿಸಿದರೆ ಇಳಿಯುತ್ತದೆ. ಎಂಥ ರೆಟ್ಟೆ ಸಿಕ್ಕಿತೋ ಅಂಥ ದನಿ.

ನಾನು ಮೊದಲ ಸಲ ಕೂಗಿದಾಗ ಎದುರಿನ ಚಹಾದಂಗಡಿಯವನ ಕೈಯಿಂದ ಕಪ್ಪೂ ಬಸಿಯೂ ಜಾರಿ ಬಿದ್ದು ಒಡೆದವು. ಆತ ಬೈಯುತ್ತಲೇ ರಸ್ತೆ ದಾಟಿ ಬಂದ.

"ಲೇ ಪರಶ್ಯಾ, ಏನ ಹಡದೀಯೋ ಇದು? ಹುಟ್ಟಿದ ಕೂಸ ಹಿಂಗ ಅಳತೈತೇನೋ?"

"ಅಳೂ ಕೂಸು ಗಟ್ಟಿ ಇರತೈತಿ, ಸುಮ್ನಿರು" ಎಂದು ಪರಶುರಾಮ ನನ್ನ ಬೆನ್ನು ತಟ್ಟಿದ. ಅದೇ ನನ್ನ ನಾಮಕರಣ ಎಂದುಕೊಂಡಿದ್ದೇನೆ.

ಅಲ್ಲಿಂದ ನನ್ನನ್ನು ಕಾರವಾರಕ್ಕೆ ಒಯ್ದು ಒಂದು ಸರ್ಕಾರಿ ಕಟ್ಟಡದ ಮಾಳಿಗೆಯ ಮೇಲೆ ಕೂರಿಸಿದರು. ಸಮುದ್ರದ ಕಡೆಯಿಂದ ವಿಮಾನ ಬರಬಹುದೆಂಬ ಭಯವಿದ್ದ ದಿನಗಳು ಅವು. ಅಲ್ಲಿ ನಾನು ಭಾಷೆ ಕಲಿತೆ. ಏರಿ ಇಳಿದು ಏರಿ ಇಳಿದು ಕೂಗಿದರೆ ಅಪಾಯ, ದೀಪ ಆರಿಸಿ. ಒಂದೇ ಸಮನೆ ಕೂಗಿದರೆ ಪಾರು, ದೀಪ ಹಚ್ಚಿ. ಎರಡೇ ಮಾತು. ನಿಘಂಟು ಹಿಡಿದು ಕೂತವರಿಗೆ ಇದು ಬಡ ಭಾಷೆ ಎನ್ನಿಸಬಹುದು. ಆದರೆ ಆ ಎರಡು ಮಾತಿಗೆ ಮೀನು ಪೇಟೆ, ಕೋರ್ಟು, ಮದುವೆ ಮನೆ ಎಲ್ಲ ಒಟ್ಟಿಗೆ ಕತ್ತಲಾಗಿ ಒಟ್ಟಿಗೆ ಬೆಳಗುವುದನ್ನು ಮಾಳಿಗೆಯ ಮೇಲಿಂದ ನೋಡಿದವನು ನಾನು. ಜನ ಎಷ್ಟು ಒಳ್ಳೆಯವರು ಎಂದು ನನಗೆ ಮೊದಲು ಅನ್ನಿಸಿದ್ದು ಅಲ್ಲೇ. ಕಾಣದ ಅಪಾಯವನ್ನು ಬರಿಯ ಒಂದು ಸದ್ದು ನಂಬಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ವಿಮಾನ ಬರಲಿಲ್ಲ. ಯುದ್ಧ ಮುಗಿಯಿತು. ನನ್ನನ್ನು ಉಗ್ರಾಣಕ್ಕೆ ನೂಕಿದರು. ಅಲ್ಲಿ ಮುರಿದ ಕುರ್ಚಿಗಳ ಜೊತೆ, ಮತಪೆಟ್ಟಿಗೆಗಳ ಜೊತೆ ಬಹಳ ವರ್ಷ ಮೌನವ್ರತ ಮಾಡಿದೆ. ನನ್ನಂಥವನಿಗೆ ಅದೆಂಥ ಶಿಕ್ಷೆ ಎಂದು ನೀವೇ ಊಹಿಸಿಕೊಳ್ಳಿ. ಕೊನೆಗೊಂದು ದಿನ ನೀರಾವರಿಯವರಿಗೆ ಸೈರನ್ ಬೇಕಾಯಿತು. ಸರ್ಕಾರದಲ್ಲಿ ಮನುಷ್ಯರಿಗೆ ಮಾತ್ರವಲ್ಲ, ವಸ್ತುಗಳಿಗೂ ವರ್ಗಾವಣೆ ಉಂಟು. ನಾನು ಲಾರಿ ಹತ್ತಿ ಘಟ್ಟ ಏರಿ ಬಾಗಲಕೋಟೆ ಸೀಮೆಯ ಒಂದು ಬ್ಯಾರೇಜಿಗೆ ಬಂದೆ.

ಬ್ಯಾರೇಜೆಂದರೆ ಹೊಳೆಗೆ ಅಡ್ಡ ಕಟ್ಟಿದ ಗೋಡೆ, ಅದರಲ್ಲಿ ಸಾಲು ಗೇಟುಗಳು. ಗೋಡೆಯ ಒಂದು ತುದಿಯಲ್ಲಿ ಎತ್ತರದ ಕಟ್ಟೆ. ಆ ಕಟ್ಟೆಯೇ ನನ್ನ ಮನೆಯಾಯಿತು. ಅಲ್ಲಿಂದ ಕೆಳಗೆ ನೋಡಿದರೆ ಹೊಳೆಯ ಪಾತ್ರವೆಲ್ಲ ಕಾಣುತ್ತಿತ್ತು, ದೂರದಲ್ಲಿ ಹೊಳೆ ಎಡಕ್ಕೆ ಬಾಗುವ ತನಕ. ಚಳಿಗಾಲ ಕಾಲಿಡುವ ಹೊತ್ತಿಗೆ ನೀರು ಒಂದು ಪಕ್ಕದ ಕಾಲುವೆಯಷ್ಟಕ್ಕೆ ಇಳಿದು ಉಳಿದದ್ದೆಲ್ಲ ಬೆಳ್ಳನೆಯ ಮರಳಾಗುತ್ತಿತ್ತು. ಆ ಮರಳಿನಲ್ಲಿ ಚಿಕ್ಕಹೊಳಲಿ ಎಂಬ ಊರಿನ ಅಂಬಿಗರು ಕುಳಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ ಸೌತೆ ಬೆಳೆಯುತ್ತಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಂದರೆ ಗೇಟು ಎತ್ತಲೇಬೇಕು. ಎತ್ತಿದರೆ ಆ ಮರಳಿನ ಮೇಲೆ ಆಳೆತ್ತರ ನೀರು. ಎತ್ತುವ ಮೊದಲು ಅವರನ್ನು ದಂಡೆ ಹತ್ತಿಸುವುದು ನನ್ನ ಕೆಲಸ.

ನನ್ನ ಹಿಡಿಕೆ ಹಿಡಿದವನು ಗೇಟ್ ಆಪರೇಟರ್ ಮೌಲಾಸಾಬ ನದಾಫ. ಹತ್ತಿ ಹಿಂಜುವ ಮನೆತನದವನು, ರೆಟ್ಟೆ ಕಬ್ಬಿಣ. ನನ್ನನ್ನು ತಿರುಗಿಸುವಾಗ ಬರಿಯ ಕೈ ಆಡಿಸುತ್ತಿರಲಿಲ್ಲ. ಇಡೀ ಬೆನ್ನು ಬಾಗಿ ಏಳುತ್ತಿತ್ತು, ಆಳದ ಬಾವಿಯಿಂದ ನೀರು ಸೇದುವವರ ಹಾಗೆ. ಬಿಳಿ ಅಂಗಿ ತೊಟ್ಟು ಆಕಾಶಕ್ಕೆ ಎದುರಾಗಿ ಅವನು ಹಾಗೆ ಬಾಗಿ ಏಳುವುದು ಹೊಳೆಯ ಬಾಗಿನ ತನಕ ಕಾಣುತ್ತಿತ್ತಂತೆ. ಅವನ ಕೈಯಲ್ಲಿ ನನ್ನ ದನಿ ಯಾವತ್ತೂ ಇರದಷ್ಟು ಚೆನ್ನಾಗಿತ್ತು.

ಆದರೂ ನನ್ನ ಜಂಬಕ್ಕೆ ಒಂದು ಗಡಿ ಇತ್ತು. ಹೊಳೆಯ ಬಾಗಿನ ಆಚೆ ನಾನು ಕೇಳಿಸುತ್ತಿರಲಿಲ್ಲ. ಅಲ್ಲೊಂದು ಬಂಡೆಗುಡ್ಡ ಅಡ್ಡ ನಿಂತು ನನ್ನನ್ನು ನುಂಗಿಬಿಡುತ್ತಿತ್ತು. ಅದಕ್ಕೇ ಅಂಬಿಗರು ಒಂದು ಪದ್ಧತಿ ಮಾಡಿಕೊಂಡಿದ್ದರು, ಅದರ ಹೆಸರು ಕೂಗು ದಾಟಿಸುವುದು. ನನ್ನ ಕೂಗು ಕೇಳಿದ ಕೂಡಲೇ ಮರಳಿನ ಪ್ರತಿ ಪಾಲಿನವರೂ ತಟ್ಟೆಯಂಥ ಕಂಚಿನ ಗಂಗಾಳ ಬಾರಿಸಬೇಕು. ಕೆಳಗಿನ ಪಾಲಿನವರು ಅದನ್ನು ಕೇಳಿ ತಮ್ಮ ಗಂಗಾಳ ಬಾರಿಸಬೇಕು. ತನ್ನ ಕೂಗು ದಾಟಿತೆಂದು ಖಾತ್ರಿಯಾಗದೆ ಯಾರೂ ದಂಡೆ ಹತ್ತುವಂತಿಲ್ಲ. ಬಾಗಿನ ಪಾಲಿನವರು ಆಚೆ ಹರಿಗೋಲಿನಲ್ಲಿ ಮೀನು ಹಿಡಿಯುವವರಿಗೆ ಕೂಗು ಮುಟ್ಟಿಸಬೇಕು. ಎಲ್ಲರೂ ಮೇಲೆ ಬಂದ ಮೇಲೆ ಅಲ್ಲಿಂದ ಗಂಗಾಳದ ಸದ್ದು ತಿರುಗಿ ಬರುತ್ತದೆ. ಅದು ಮರುಕೂಗು. ಮರುಕೂಗು ಬರದೆ ಮೌಲಾಸಾಬ ಗೇಟು ಮುಟ್ಟುತ್ತಿರಲಿಲ್ಲ. ಸರ್ಕಾರದ ಕಾಗದದಲ್ಲಿ ಇದು ಎಲ್ಲೂ ಇರಲಿಲ್ಲ. ಆದರೂ ನಡೆಯುತ್ತಿತ್ತು, ನಾನು ಬೆರಗಾಗಿ ನೋಡುತ್ತಿದ್ದೆ.

ಪ್ರತಿ ವರ್ಷ ಮರಳು ಹಂಚುವಾಗ ನನ್ನ ಕಟ್ಟೆಯ ಕೆಳಗಿನ ಹುಣಸೆ ನೆರಳಲ್ಲಿ ಚೀಟಿ ಎತ್ತುತ್ತಿದ್ದರು. ಒಂದು ವರ್ಷ ಬಾಗಿನ ಪಾಲು ದ್ಯಾಮವ್ವ ಬಾರಕೇರ ಎಂಬವಳ ಹೆಸರಿಗೆ ಬಂತು. ನೆರಳಿನಲ್ಲಿ ಗುಸುಗುಸು ಎದ್ದಿತು. ದ್ಯಾಮವ್ವ ಗಂಡನಿಲ್ಲದ ಹೆಂಗಸು. ಹಿಂದೊಮ್ಮೆ ಜ್ವರ ಬಂದು ಅವಳ ಎರಡೂ ಕಿವಿ ಪೂರ್ತಿ ಹೋಗಿದ್ದವು. ಮಾತು ಮಾತ್ರ ಉಳಿದಿತ್ತು. ತನ್ನ ದನಿ ತನಗೇ ಕೇಳಿಸದ್ದರಿಂದ ಆಕೆ ಉಪ್ಪು ಕೇಳಿದರೂ ಜಗಳಕ್ಕೆ ಬಂದಂತೆ ಇರುತ್ತಿತ್ತು. ಅವಳ ಬಾಯಿ ಕೇಳಿದ ದಿನವೇ ನಾನು ಅಂದುಕೊಂಡೆ, ಇವಳು ನಮ್ಮ ಪೈಕಿ.

ಊರ ಹಿರಿಯ ಭೀಮಪ್ಪ ಎದ್ದು ಅವಳ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. "ಯವ್ವಾ, ಬಾಗಿನ ಪಾಲ ಬಿಟ್ಟುಕೊಡು. ನಿನಗ ಸೈರನ್ ಕೇಳಂಗಿಲ್ಲ, ಗಂಗಾಳಾನೂ ಕೇಳಂಗಿಲ್ಲ. ಆಚಿ ಮೀನಾ ಹಿಡಿಯಾವ್ರಿಗೆ ಕೂಗ ದಾಟಸಾವ್ರ ಯಾರು?"

"ಆಚಿ ಇರಾವ ನನ್ನ ಮಗಾನ ಅದಾನಲ್ಲೋ!" ದ್ಯಾಮವ್ವನ ಮಾತಿಗೆ ಹುಣಸೆಮರದ ಗಿಳಿಗಳು ಹಾರಿದವು. "ನಮ್ಮ ಫಕೀರಪ್ಪಗ ಕೂಗ ಮುಟ್ಟಸೂದ ನಾ ಮರೀತೀನೇನು? ಕಿವಿ ಹೋಗ್ಯಾವ, ಕಣ್ಣ ಅದಾವ! ಮೌಲಾಸಾಬನ ಕೈ ಆಡೂದ ಕಾಣಸ್ತೈತಿ ನನಗ!"

ವಾದ ಬಹಳ ಹೊತ್ತು ನಡೆಯಿತು. ಬಾಗಿನಲ್ಲಿ ಮೆಕ್ಕಲು ಹೆಚ್ಚು, ಹಣ್ಣು ದಪ್ಪ. ಅವಳು ಬಿಡಲು ಒಪ್ಪಲಿಲ್ಲ. ಕೊನೆಗೆ ಭೀಮಪ್ಪ ತೀರ್ಮಾನ ಹೇಳಿದ. ಈ ಸಲ ಮಾಡಲಿ, ಆದರೆ ಒಮ್ಮೆ ಕೂಗು ದಾಟದೆ ಹೋದರೂ ಇನ್ನು ಮುಂದೆ ಹೊಳೆಯ ಮರಳಿನಲ್ಲಿ ಅವಳ ಮನೆಗೆ ಪಾಲಿಲ್ಲ. ದ್ಯಾಮವ್ವ ಸೆರಗು ಕೊಡವಿಕೊಂಡು ಎದ್ದಳು. ಮರುದಿನವೇ ಬಾಗಿನಲ್ಲಿ ತನ್ನ ಗುಡಿಸಲಿನ ಬಾಗಿಲನ್ನು ನನ್ನ ಕಡೆಗೆ ಮುಖ ಮಾಡಿ ಕಟ್ಟಿದಳು. ಕುಳಿ ತೋಡುವಾಗಲೂ ಬಳ್ಳಿ ಹರವುವಾಗಲೂ ಆಗಾಗ ತಲೆ ಎತ್ತಿ ಕಟ್ಟೆ ನೋಡುವುದು ಅವಳಿಗೆ ಉಸಿರಾಡಿದಷ್ಟೇ ರೂಢಿಯಾಯಿತು.

ಅದೇ ವರ್ಷ ಬ್ಯಾರೇಜಿಗೆ ಹೊಸ ಸಾಹೇಬರು ಬಂದರು. ಕೂಗದೆ ಕೂತ ಸೈರನ್ನಿಗೆ ತುಕ್ಕು ಹಿಡಿಯುತ್ತದೆ, ಬೇಕಾದಾಗ ಕೈ ಕೊಡುತ್ತದೆ, ಆದ್ದರಿಂದ ದಿನಾ ಮಧ್ಯಾಹ್ನ ಒಮ್ಮೆ ಕೂಗಿಸಿ ನೋಡಬೇಕು ಎಂದರು. ಲೆಕ್ಕ ತಪ್ಪೇನಲ್ಲ. ನನಗಂತೂ ಹಬ್ಬ. ಪರೀಕ್ಷೆ ಮಾಡಬೇಕಾದ್ದು ಅಪಾಯದ ಕೂಗೇ ತಾನೇ, ಅದಕ್ಕೇ ಮೌಲಾಸಾಬ ದಿನಾ ಮಧ್ಯಾಹ್ನ ನನ್ನನ್ನು ಏರಿಸಿ ಇಳಿಸಿ ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸುತ್ತಿದ್ದ. ಮೊದಮೊದಲು ಅಂಬಿಗರೂ ಪದ್ಧತಿ ಬಿಡದೆ ಗಂಗಾಳ ಬಾರಿಸಿದರು. ಆಮೇಲೆ ಅರ್ಧ ಮನಸ್ಸಿನಿಂದ ಬಾರಿಸಿದರು. ಆಮೇಲೆ ಬಿಟ್ಟರು. ಬಿಸಿಲು ನೆತ್ತಿಗೇರಿದಾಗಲೇ ನಾನು ಕೂಗುತ್ತಿದ್ದೆನಲ್ಲ, ನನಗೆ ಊಟದ ಕೂಗು ಎಂದು ಹೆಸರಿಟ್ಟರು. ನಾನು ಕೂಗಿದ ಕೂಡಲೇ ಬುತ್ತಿ ಬಿಚ್ಚುತ್ತಿದ್ದರು. ಬಾರಿಸಲೆಂದು ತಂದಿಟ್ಟ ಗಂಗಾಳದಲ್ಲೇ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದರು. ದ್ಯಾಮವ್ವನೂ ಅಷ್ಟೇ, ಮೌಲಾಸಾಬನ ಕೈ ನಿಂತದ್ದು ಕಂಡ ಮೇಲೆ ತನ್ನ ಗಂಗಾಳದ ಮುಂದೆ ಕೂರುತ್ತಿದ್ದಳು.

ಹೋಳಿ ಹುಣ್ಣಿಮೆ ಹತ್ತಿರವಾಗಿತ್ತು. ಹಣ್ಣು ಬಲಿತಿದ್ದವು, ಎರಡು ದಿನ ಬಿಟ್ಟು ಕೀಳುವುದೆಂದು ಮಾತಾಗಿತ್ತು. ಘಟ್ಟದ ಕಡೆ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು. ನಮ್ಮಲ್ಲಿ ಸುಡುಬಿಸಿಲು, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಸರಿಯಾಗಿ ಊಟದ ಹೊತ್ತಿಗೆ ಫೋನು ಬಡಿದುಕೊಂಡಿತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗಿದೆ, ಬ್ಯಾರೇಜಿನ ಹಿಂದೆ ಮಟ್ಟ ಏರುತ್ತಿದೆ, ಗೇಟು ಎತ್ತಬೇಕು. ಮೌಲಾಸಾಬ ಫೋನು ಇಟ್ಟವನೇ ಓಡಿ ಬಂದು ನನ್ನ ಹಿಡಿಕೆ ಹಿಡಿದ.

ನಾನು ಕೂಗಿದೆ. ಏರಿ ಇಳಿದು, ಏರಿ ಇಳಿದು. ಕೆಳಗೆ ಮರಳಿನಲ್ಲಿ ಬಾಗಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತರು, ಕೈ ಕೊಡವಿಕೊಂಡರು, ನೆರಳಿಗೆ ಹೋದರು, ಬುತ್ತಿ ಬಿಚ್ಚಿದರು.

ನನ್ನ ಬದುಕಿನಲ್ಲಿ ಅಂಥ ಸಂಕಟ ನಾನು ಕಂಡಿಲ್ಲ. ಗಂಟಲು ಹರಿಯುವ ಹಾಗೆ ಅಪಾಯ ಎಂದು ಕೂಗುತ್ತಿದ್ದೇನೆ, ಜನ ಅದನ್ನು ಕೇಳಿ ಊಟಕ್ಕೆ ಕೂರುತ್ತಿದ್ದಾರೆ. ಮೌಲಾಸಾಬನಿಗೂ ಅದು ಕಂಡಿತು. "ಯಾ ಅಲ್ಲಾ, ಉಣ್ಣಾಕ ಕುಂತಾರ!" ಎಂದವನು ಇನ್ನೂ ಜೋರಾಗಿ ತಿರುಗಿಸಿದ. ನಿಲ್ಲಿಸಲೇ ಇಲ್ಲ. ಅವನ ಬೆವರು ನನ್ನ ಬೆನ್ನ ಮೇಲೆ ಸುರಿಯುತ್ತಿತ್ತು. ಕೆಳಗೆ ಒಬ್ಬಿಬ್ಬರು ತಲೆ ಎತ್ತಿದರು, ಮತ್ತೆ ರೊಟ್ಟಿಗೆ ಬಾಗಿದರು. ಆಮೇಲೆ ಅವರೇ ಹೇಳಿಕೊಂಡಂತೆ, "ಇವತ್ತ ಯಾರೋ ದೊಡ್ಡ ಸಾಹೇಬ್ರು ಬಂದಾರ ಕಾಣಸ್ತೈತಿ, ಮೌಲಾಸಾಬ ಭಾರೀ ಜೋರ ಮಾಡ್ಯಾನ" ಎಂದು ನಗೆಯಾಡುತ್ತಿದ್ದರಂತೆ.

ಬಾಗಿನಲ್ಲಿ ಒಬ್ಬಳು ಮಾತ್ರ ಕೂತಿರಲಿಲ್ಲ. ದ್ಯಾಮವ್ವ ಗಂಗಾಳ ಕೈಯಲ್ಲಿ ಹಿಡಿದು, ಹಣೆಗೆ ಇನ್ನೊಂದು ಕೈ ಅಡ್ಡ ಇಟ್ಟು ನಮ್ಮನ್ನೇ ನೋಡುತ್ತ ನಿಂತಿದ್ದಳು. ಕೈ ನಿಂತ ಮೇಲೆ ಉಣ್ಣುವವಳು ಅವಳು. ಕೈ ನಿಲ್ಲುತ್ತಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಂಗಾಳದಲ್ಲಿದ್ದ ರೊಟ್ಟಿ ಪಲ್ಯವನ್ನು ಮರಳಿಗೆ ಚೆಲ್ಲಿ, ಕಳೆ ಕೀಳುವ ಕುರ್ಚಿಗೆಯ ಹಿಡಿಯಿಂದ ಬಡಿಯತೊಡಗಿದಳು. ಬಡಿಯುತ್ತ ಕೂಗಿದಳು. ಆ ಕೂಗು ನನ್ನ ತನಕ ಬಂತು ಎಂದರೆ ನೀವು ನಂಬಬೇಕು.

"ಏಳ್ರಲೇ! ಕೈ ನಿಂತಿಲ್ಲೋ! ಮೌಲಾಸಾಬನ ಕೈ ನಿಂತಿಲ್ಲ, ನೀರ ಬರತೈತಿ, ಏಳ್ರೀ!"

ನನ್ನ ದನಿಗೆ ಏಳದವರು ಗಂಗಾಳದ ಸದ್ದಿಗೆ ಎದ್ದರು. ಬಹಳ ದಿನದಿಂದ ಅವರ ಕಿವಿಗೆ ಬೀಳದೆ ಇದ್ದದ್ದು ಅದೊಂದೇ ಸದ್ದು. ತಲೆ ಎತ್ತಿ ಕಟ್ಟೆ ನೋಡಿದರು, ಬಾಗಿ ಏಳುವ ಬೆನ್ನು ನೋಡಿದರು, ಊಟ ಬಿಟ್ಟು ಎದ್ದರು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗಂಗಾಳ ಮೊಳಗಿತು. ಕೂಗು ದಾಟುವುದು ಯಾವಾಗಲೂ ನನ್ನಿಂದ ಕೆಳಕ್ಕೆ. ಅವತ್ತು ಅದು ಅವಳಿಂದ ಮೇಲಕ್ಕೆ ಬಂತು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಜನ ದಂಡೆಗೆ ಓಡಿದರು. ಒಬ್ಬ ಮುದುಕ ಒಂದು ಕಲ್ಲಂಗಡಿ ಎತ್ತಿಕೊಳ್ಳಲು ಹೋಗಿ ಸೊಸೆಯಿಂದ ಬೈಸಿಕೊಂಡು ಬಿಟ್ಟು ಬಂದ.

ದ್ಯಾಮವ್ವ ದಂಡೆ ಹತ್ತಲಿಲ್ಲ. ಗಂಗಾಳ ಬಡಿಯುತ್ತ ಬಾಗಿನ ಆಚೆಗೆ ಓಡಿದಳು, ಮೀನು ಹಿಡಿಯುವವರ ಕಡೆಗೆ. ಬಂಡೆಗುಡ್ಡ ಅವಳನ್ನು ಮರೆಮಾಡಿತು. ಅಲ್ಲಿಂದಾಚೆ ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ.

ಹಿಂದೆ ನೀರು ಗೇಟಿನ ಅಂಚಿಗೆ ಬಂದಿತ್ತು. ಸಾಹೇಬರು ಜೀಪಿನಿಂದ ಇಳಿದು ಓಡಿ ಬಂದರು. "ಇನ್ನೂ ಯಾಕೆ ಎತ್ತಿಲ್ಲ?"

"ಮರುಕೂಗ ಬಂದಿಲ್ರೀ ಸಾಹೇಬ್ರ. ಬಾಗಿನ ಆಚಿ ಮಂದಿ ಅದಾರ."

ಸಾಹೇಬರು ಹಿಂದೆ ನೀರು ನೋಡಿದರು, ಮುಂದೆ ಮರಳು ನೋಡಿದರು. "ತಡಿ ಹಾಗಾದ್ರೆ. ಆಗುವಷ್ಟು ತಡಿ" ಎಂದರು. ಆ ಮಾತಿಗಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಮೌಲಾಸಾಬ ನನ್ನ ಹಿಡಿಕೆ ಬಿಟ್ಟ. ದಂಡೆಯ ಮೇಲಿನ ಜನರೂ ಸುಮ್ಮನಾದರು. ಹುಟ್ಟಿದಂದಿನಿಂದ ಕೂಗುವುದೇ ನನ್ನ ಕೆಲಸ. ಬೇರೊಂದು ಸದ್ದಿಗಾಗಿ ಕಿವಿಯಾಗಿ ಕಾದದ್ದು ಅವತ್ತೇ ಮೊದಲು. ಕಾಯುವವರ ಪಾಡು ಏನೆಂದು ನನಗೆ ಆಗ ತಿಳಿಯಿತು. ಗೇಟಿನ ಸಂದಿಯಲ್ಲಿ ನೀರು ಸೀಟಿ ಹೊಡೆಯುತ್ತಿತ್ತು. ಭೀಮಪ್ಪ ದಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತಲೆ ಹಿಡಿದುಕೊಂಡಿದ್ದ.

ಗೇಟಿನ ಮೇಲಿಂದ ನೀರಿನ ಮೊದಲ ಪದರ ಜಾರತೊಡಗಿದಾಗ ಬಂಡೆಗುಡ್ಡದ ತಲೆಯ ಮೇಲೆ ಸಣ್ಣದೊಂದು ಸದ್ದು ಕೇಳಿತು. ಖಣ್ ಖಣ್ ಖಣ್. ಗಂಗಾಳ. ಗುಡ್ಡದ ತುದಿಯಲ್ಲಿ ದ್ಯಾಮವ್ವ ನಿಂತಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಅವಳ ಮಗ ಫಕೀರಪ್ಪ, ಹಿಂದೆ ಉಳಿದ ಮೀನುಗಾರರು. ಅವಳು ಬಡಿಯುತ್ತಲೇ ಇದ್ದಳು. ನಮಗೆ ಕೇಳಿಸಿತೋ ಇಲ್ಲವೋ ಅವಳಿಗೆ ಹೇಗೆ ಗೊತ್ತಾಗಬೇಕು? ಮೌಲಾಸಾಬ ತಲೆಯ ರುಮಾಲು ಬಿಚ್ಚಿ ಮೇಲೆತ್ತಿ ಬೀಸಿದ. ಆಗ ನಿಲ್ಲಿಸಿದಳು. ಗೇಟುಗಳು ಎದ್ದವು. ನೀರು ಮರಳಿನ ಮೇಲೆ ಹರಡಿತು, ಹಣ್ಣುಗಳು ಸಾಲಾಗಿ ತೇಲಿಹೋದವು. ಒಂದು ವರ್ಷದ ಬೆಳೆ ಹೋಯಿತು, ಎರಡು ಹರಿಗೋಲು ಹೋದವು. ಜನ ಒಬ್ಬರೂ ಹೋಗಲಿಲ್ಲ.

ಮರುದಿನ ಎಲ್ಲರೂ ಹುಣಸೆ ನೆರಳಿಗೆ ಬಂದರು. ದಿನದ ಪರೀಕ್ಷೆ ಇನ್ನು ಒಂದೇ ಸಮನೆ ಕೂಗಿ ಆಗಲಿ, ಏರಿಳಿಯುವ ಕೂಗು ನಿಜವಾದ ಅಪಾಯಕ್ಕೆ ಮಾತ್ರ ಇರಲಿ ಎಂದು ಸಾಹೇಬರೇ ಹೇಳಿದರು. ಗಂಗಾಳದಲ್ಲಿ ಉಣ್ಣಬಾರದೆಂದು ಅಂಬಿಗರು ಆಣೆ ಮಾಡಿಕೊಂಡರು. ಭೀಮಪ್ಪ ದ್ಯಾಮವ್ವನ ಎದುರು ನಿಂತು ಕೈ ಮುಗಿದ. "ಬಾಗಿನ ಪಾಲಿಗೆ ಇನ್ನ ಚೀಟಿ ಹಾಕೂದ ಬ್ಯಾಡ್ರಿ. ಅದು ಈಕಿದು" ಎಂದ. ಆಕೆಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಅತ್ತಳು. ಅಳುವೂ ಜೋರೇ.

ಜನ ಚದುರಿದ ಮೇಲೆ ಅವಳು ಮೆಟ್ಟಿಲು ಹತ್ತಿ ಕಟ್ಟೆಗೆ ಬಂದಳು. ನನ್ನನ್ನು ಸುತ್ತ ತಿರುಗಿ ನೋಡಿದಳು. ತಿರುಗಿಸು ಎಂದು ಮೌಲಾಸಾಬನಿಗೆ ಸನ್ನೆ ಮಾಡಿ, ಎರಡೂ ಅಂಗೈ ನನ್ನ ಬೆನ್ನಿಗೆ ಒತ್ತಿ ಹಿಡಿದಳು. ಗಡುಸಾದ, ಮರಳು ಅಂಟಿದ ಕೈಗಳು. ಮೌಲಾಸಾಬ ಮೆಲ್ಲಗೆ ತಿರುಗಿಸಿದ. ನಾನು ಅವಳ ಕೈಯೊಳಗೆ ಕೂಗಿದೆ.

"ಯಪ್ಪಾ, ಎದಿಯಾಗ ಬಡದಂಗ ಆಕ್ಕೈತಿ!" ಎಂದು ನಕ್ಕಳು. "ಭಾರೀ ಬಾಯಿ ಐತಿ ಬಿಡು ಇದಕ್ಕ!"

ನನ್ನನ್ನು ಬಹಳ ಜನ ಹೊಗಳಿದ್ದಾರೆ. ಅದರಷ್ಟು ಹಿಗ್ಗು ಯಾವ ಹೊಗಳಿಕೆಯೂ ಕೊಟ್ಟಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೌಲಾಸಾಬ ನಿವೃತ್ತನಾದ. ಅವನ ಜಾಗಕ್ಕೆ ಪರಮಾನಂದ ಎಂಬವನು ಬಂದ. ಕಟ್ಟೆಯ ಪಕ್ಕ ಕಂಬ ನೆಟ್ಟು ನಾಲ್ಕು ದಿಕ್ಕಿಗೂ ಬಾಯಿ ತೆರೆದ ಕರೆಂಟಿನ ಸೈರನ್ ಹಾಕಿದರು. ಗುಂಡಿ ಒತ್ತಿದರೆ ಸಾಕು. ಒಪ್ಪಿಕೊಳ್ಳುತ್ತೇನೆ, ಅದರ ದನಿ ನನ್ನದಕ್ಕಿಂತ ದೊಡ್ಡದು, ಬಂಡೆಗುಡ್ಡದ ಆಚೆಗೂ ಕೇಳುತ್ತದೆ. ನನ್ನ ಹಲ್ಲುಗಾಲಿ ಸವೆದು, ಕಿಂಡಿಗಳಿಗೆ ತುಕ್ಕು ಹಿಡಿದು, ತಿರುಗಿಸಿದರೆ ಉಬ್ಬಸದವರ ಉಸಿರಿನಂಥ ಸದ್ದು ಬರುತ್ತದೆ. ನನ್ನನ್ನು ಮೂಲೆಗೆ ಇಟ್ಟರು. ನ್ಯಾಯವೇ.

ಆದರೆ ಹೊಸ ಸೈರನ್ ಮೊದಲ ಸಲ ಅಪಾಯಕ್ಕೆ ಕೂಗಿದ ದಿನ ದ್ಯಾಮವ್ವ ಬಾಗಿನಲ್ಲಿ ಬಳ್ಳಿಗೆ ನೀರು ಹೊಯ್ಯುತ್ತಲೇ ಇದ್ದಳು. ಆಗಾಗ ತಲೆ ಎತ್ತಿ ಕಟ್ಟೆ ನೋಡುತ್ತಿದ್ದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಪಕ್ಕದ ಪಾಲಿನವರು ಓಡಿಹೋಗಿ ಭುಜ ಹಿಡಿದು ಎಚ್ಚರಿಸಬೇಕಾಯಿತು. ಮರುದಿನ ಪರಮಾನಂದ ನನ್ನನ್ನು ಮೂಲೆಯಿಂದ ಎತ್ತಿ, ಧೂಳು ಒರೆಸಿ, ಎಣ್ಣೆ ಬಿಟ್ಟು, ಹಳೆಯ ಜಾಗದಲ್ಲಿ ಕೂರಿಸಿದ. ಈಗಿನ ಸಾಹೇಬರು ನಕ್ಕು, ಒಂದು ಕೆಂಪು ಬಾವುಟ ಹಾರಿಸಿದರೆ ಆಗುತ್ತಿತ್ತಲ್ಲ ಎಂದರು.

"ಬಾವುಟಾ ಗಾಳಿಗೂ ಹಾರತೈತ್ರೀ ಸಾಹೇಬ್ರ" ಎಂದ ಪರಮಾನಂದ. "ಕೈ ಹಂಗ ತನ್ನಷ್ಟಕ್ಕ ತಾನ ಆಡೂದಿಲ್ಲ."

ಅಂದಿನಿಂದ ಅವನು ಮೊದಲು ಗುಂಡಿ ಒತ್ತುತ್ತಾನೆ, ಆಮೇಲೆ ಬಿಳಿ ಅಂಗಿ ತೊಟ್ಟು ಬಂದು ನನ್ನ ಹಿಡಿಕೆ ಹಿಡಿಯುತ್ತಾನೆ. ಬೆನ್ನು ಬಾಗಿಸಿ, ಎದ್ದು, ಬಾಗಿಸಿ, ಎದ್ದು ತಿರುಗಿಸುತ್ತಾನೆ. ನನ್ನ ಉಬ್ಬಸ ಅವನ ಕಿವಿಗೂ ಕೇಳಿಸುವುದಿಲ್ಲ, ಮೇಲೆ ಕಂಬ ಅಷ್ಟು ಜೋರಾಗಿ ಕೂಗುತ್ತಿರುತ್ತದೆ. ದೂರದ ಬಾಗಿನಲ್ಲಿ ತಲೆ ನರೆತ ದ್ಯಾಮವ್ವ ಹಣೆಗೆ ಕೈ ಅಡ್ಡ ಇಟ್ಟು ನೋಡುತ್ತಾಳೆ, ಕೈ ನಿಂತಿಲ್ಲವೆಂದು ಕಾಣುತ್ತಾಳೆ, ಗಂಗಾಳ ಎತ್ತಿಕೊಳ್ಳುತ್ತಾಳೆ. ನನ್ನ ದನಿ ಹೋಗಿ ವರ್ಷಗಳಾದವೆಂದು ಹೊಳೆದಂಡೆಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗೆ ಮಾತ್ರ ಇದುವರೆಗೆ ಯಾರೂ ಹೇಳಿಲ್ಲ.